“ಈಗ ವಾಸನೆ ಇಲ್ಲವಲ್ಲ ಸರ್”

ಬುಧವಾರ ಬೆಳಿಗ್ಗೆ ಹನ್ನೊಂದೂವರೆಗೆ, ಹೆಲ್ಮೆಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ನಮ್ಮ ಅಂಗಳದಲ್ಲಿ ನಿಂತ, ದೂರು ವಿಚಾರಿಸಲು ಕಚೇರಿಯವರು ಕಳಿಸಿದ್ದ ಹುಡುಗ ಎರಡು ಸಲ ಮೂಗೆಳೆದು ನೋಡಿದ. “ಈಗ ವಾಸನೆ ಇಲ್ಲವಲ್ಲ ಸರ್” ಎಂದ. ಹೇಳಿದ್ದು ಸತ್ಯವೇ. ಆ ಹೊತ್ತಿಗೆ ಅಂಗಳದಲ್ಲಿ ಇದ್ದದ್ದು ಪಕ್ಕದ ಮನೆಯ ಬಂಗುಡೆ ಪುಳಿಮುಂಚಿಯ ಘಮ ಮಾತ್ರ. ದುರ್ವಾಸನೆ ಎಂದು ನಾನು ಫೋನಿನಲ್ಲಿ ದೂರು ಕೊಟ್ಟದ್ದು ಹಿಂದಿನ ರಾತ್ರಿ ಒಂದೂವರೆಗೆ.

ಸುರತ್ಕಲ್ ಕಡೆ, ತೈಲ ಶುದ್ಧೀಕರಣ ಕಾರ್ಖಾನೆಯ ಆಸುಪಾಸಿನಲ್ಲಿ ಮನೆ ಮಾಡಿಕೊಂಡವರಿಗೆ ಅಂಥ ರಾತ್ರಿಯನ್ನು ವಿವರಿಸಬೇಕಾಗಿಲ್ಲ. ಮೊದಲು ಕಿಟಕಿಯ ಗಾಜು ಸಣ್ಣಗೆ ನಡುಗಿತು. ಆಮೇಲೆ ತೆಂಗಿನ ಮರಗಳ ಹಿಂದೆ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿತು. ಅಂಗಳಕ್ಕೆ ಬಿದ್ದಿದ್ದ ಮಡಲಿನ ಗರಿಗಳನ್ನು ಎಣಿಸಬಹುದಾದಷ್ಟು ಬೆಳಕು. ಅದರ ಬೆನ್ನಿಗೇ ಕೊಳೆತ ಮೊಟ್ಟೆಯ ನಾತ. ಹೆಂಡತಿ ಎದ್ದವಳೇ ಅಡುಗೆಮನೆಗೆ ಹೋಗಿ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿದಳು. ನಾನು ಬಚ್ಚಲಿನ ಜಾಲರಿಗೆ ಎರಡು ಬಕೆಟ್ ನೀರು ಸುರಿದೆ. ಯಾವ ದುರ್ವಾಸನೆ ಬಂದರೂ ಮೊದಲು ನಮ್ಮ ಮನೆಯನ್ನೇ ಅನುಮಾನಿಸುವಷ್ಟು ಸಭ್ಯರು ನಾವು.

ಹಿಂದಿನ ಮನೆಯ ಮಾವ ಆಗಲೇ ತಾರಸಿಯ ಮೇಲಿದ್ದರು. ಕುವೈತಿನ ಶುದ್ಧೀಕರಣ ಕಾರ್ಖಾನೆಯೊಂದರಲ್ಲಿ ಬಹಳ ವರ್ಷ ಆಪರೇಟರ್ ಆಗಿದ್ದು ಬಂದವರು. ಯಾವ ವಿಷಯ ತೆಗೆದರೂ “ನಾವು ಕುವೈತಿನಲ್ಲಿದ್ದಾಗ” ಎಂದು ಶುರುಮಾಡುವುದರಿಂದ ಮದುವೆಮನೆಗಳಲ್ಲಿ ಜನ ಅವರ ಪಕ್ಕದ ಕುರ್ಚಿ ಬಿಟ್ಟು ಕುಳಿತುಕೊಳ್ಳುತ್ತಾರೆ. ಆ ರಾತ್ರಿ ಮಾತ್ರ ಇಡೀ ಓಣಿ ಅವರ ಮಾತಿಗೆ ಕತ್ತೆತ್ತಿ ನಿಂತಿತ್ತು.

“ಬೆಂಕಿ ನೋಡಿ ಹೆದರಬೇಡಿ. ಅದು ಉರಿಯದಿದ್ದರೆ ಹೆದರಬೇಕು” ಎಂದರು. ಕರೆಂಟು ಹೋಗಿಯೋ ಕಂಪ್ರೆಸರ್ ಟ್ರಿಪ್ ಆಗಿಯೋ ಕಾರ್ಖಾನೆ ಅರ್ಧದಲ್ಲಿ ನಿಂತರೆ ಕೊಳವೆಗಳೊಳಗಿನ ಅನಿಲಕ್ಕೆ ಹೋಗಲು ದಾರಿ ಇರುವುದಿಲ್ಲ. ಒತ್ತಡ ಏರಿ, ನಮ್ಮ ಕುಕ್ಕರಿನ ಹಾಗೆ ಸುರಕ್ಷತಾ ಕವಾಟ ತೆರೆದುಕೊಳ್ಳುತ್ತದೆ. ಹೊರಬಂದ ಅನಿಲವನ್ನು ಎತ್ತರದ ಕೊಳವೆಯ ತುದಿಯಲ್ಲಿ ಸುಡುತ್ತಾರೆ, ಅದೇ ಫ್ಲೇರ್. ಜ್ವಾಲೆಗೆ ಹಬೆ ಸರಿಯಾಗಿ ಬೆರೆತರೆ ಹೊಗೆ ಕಾಣಿಸದು, ಹಬೆ ಸಾಲದಾದರೆ ಕರಿಹೊಗೆ. ಕಚ್ಚಾತೈಲದಲ್ಲಿ ಗಂಧಕ ಇದ್ದೇ ಇರುತ್ತದೆ. ಅದನ್ನು ಬೇರ್ಪಡಿಸಿ ಹಳದಿ ಗಂಧಕವಾಗಿ ಮಾರುವುದಕ್ಕೆ ಬೇರೆಯೇ ಘಟಕ ಇದೆ. ಅದು ಕೈಕೊಟ್ಟ ದಿನ ಆ ಗಂಧಕವೂ ಫ್ಲೇರಿನ ಪಾಲು. “ಪಟಾಕಿ ಹೊಡೆದ ಹಾಗೆ ವಾಸನೆ ಬಂದರೆ ಉರಿದ ಗಂಧಕ. ಮೊಟ್ಟೆ ಕೊಳೆತ ಹಾಗೆ ಬಂದರೆ ಉರಿಯದೆ ತಪ್ಪಿಸಿಕೊಂಡದ್ದು” ಎಂದರು ಮಾವ. ನಮಗೆ ಬರುತ್ತಿದ್ದದ್ದು ಎರಡನೆಯದು.

ಓಣಿಯವರು ಮನೆಗೆ ಹೊರಟಾಗ ಮಾವ ಮೇಲಿನಿಂದಲೇ ಕೂಗಿ ಹೇಳಿದರು: “ವಾಸನೆ ಬರುತ್ತಿರುವಷ್ಟು ಹೊತ್ತು ಪರವಾಗಿಲ್ಲ ಮಾರಾಯರೇ. ಜೋರಾಗಿ ಬರುತ್ತಿದ್ದದ್ದು ತಟ್ಟನೆ ನಿಂತರೆ ಆಗ ಓಡಿ.”

ಇದು ತಮಾಷೆಯ ಮಾತಲ್ಲ. ಕೊಳೆತ ಮೊಟ್ಟೆಯ ನಾತದ ಆ ಅನಿಲ, ಅಂದರೆ ಹೈಡ್ರೋಜನ್ ಸಲ್ಫೈಡ್, ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲಿಗಿಂತ ಕಡಿಮೆ ಇದ್ದಾಗಲೇ ಮೂಗಿಗೆ ತಿಳಿಯುತ್ತದೆ. 100 ಪಾಲು ದಾಟುವ ಹೊತ್ತಿಗೆ ವಾಸನೆ ಹಿಡಿಯುವ ನರವನ್ನೇ ಮಂಕಾಗಿಸುತ್ತದೆ. ವಾಸನೆ ಹೋಯಿತು ಎಂದು ಮನುಷ್ಯ ನಿರಾಳನಾಗುವ ಆ ಗಳಿಗೆಯೇ ಅಪಾಯದ ಗಳಿಗೆ. ಗಾಳಿಗಿಂತ ಭಾರವಾದ್ದರಿಂದ ತಗ್ಗಿನಲ್ಲಿ, ಚರಂಡಿಯಲ್ಲಿ ಬಂದು ಕೂರುತ್ತದೆ ಕೂಡ. ಕುವೈತಿನಲ್ಲಿ ಮಾವ ಜೇಬಿಗೆ ಸಿಕ್ಕಿಸಿಕೊಳ್ಳುತ್ತಿದ್ದ, ಅನಿಲ ಅಳೆಯುವ ಪುಟ್ಟ ಯಂತ್ರ ಹತ್ತು ಪಾಲಿಗೇ ಕಿರುಚುತ್ತಿತ್ತಂತೆ. ಮಾವ ಹೇಳಿದ “ಪರವಾಗಿಲ್ಲ” ಮಾತ್ರ ನನಗೆ ಒಪ್ಪಿಗೆಯಿಲ್ಲ. ಗಟ್ಟಿಮುಟ್ಟಾದ ಆಪರೇಟರಿಗೆ ಪರವಾಗಿಲ್ಲದ್ದು ಉಬ್ಬಸದ ಮಗುವಿಗೆ ಹಾಗಲ್ಲ. ಪಕ್ಕದ ಮನೆಯ ಅಕ್ಕ ಆ ರಾತ್ರಿ ಇನ್‌ಹೇಲರ್ ಹಿಡಿದುಕೊಂಡು ಮಗನ ಬೆನ್ನು ನೀವುತ್ತಾ ಕುಳಿತಿದ್ದಳು.

ಹೀಗಿರುವಾಗ “ಈಗ ವಾಸನೆ ಇಲ್ಲವಲ್ಲ ಸರ್”.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಚಪ್ಪಲಿ ಬಿಟ್ಟು ಜಗಲಿ ಹತ್ತಿದ, ಚಹಾ ಬೇಡವೆಂದ, ಕೈಯಲ್ಲಿ ಒಂದು ಫಾರಂ ಬಿಟ್ಟರೆ ಏನೂ ಇರಲಿಲ್ಲ. ಪೆನ್ನು ಬರೆಯಲಿಲ್ಲವೆಂದು ಅಂಗೈಗೆ ನಾಲ್ಕು ಗೀರು ಎಳೆದು ಬರಿಸಿಕೊಂಡು “ಸ್ಥಳದಲ್ಲಿ ವಾಸನೆ ಕಂಡುಬರಲಿಲ್ಲ” ಎಂದು ದುಂಡಗೆ ಬರೆದ. ನಾನು ಬಗ್ಗಿ ನೋಡಿದೆ. ಭೇಟಿಯ ಸಮಯಕ್ಕೆ ಜಾಗವಿತ್ತು, ವಾಸನೆ ಬಂದ ಸಮಯಕ್ಕೆ ಇರಲಿಲ್ಲ. ಹುಡುಗ ಪ್ರಾಮಾಣಿಕ. ಅವನನ್ನು ಹನ್ನೊಂದೂವರೆಗೆ ಕಳಿಸಿದ ಕಚೇರಿಯ ಬಗ್ಗೆ ಆ ಮಾತು ಹೇಳಲಾರೆ.

ಈ ಕರಾವಳಿಯಲ್ಲಿ ದೋಣಿ ಇಳಿಸಿದ ಯಾರನ್ನು ಕೇಳಿದರೂ ಹೇಳುತ್ತಾರೆ: ಹಗಲು ಕಡಲ ಗಾಳಿ ನೆಲಕ್ಕೆ, ರಾತ್ರಿ ನೆಲದ ಗಾಳಿ ಕಡಲಿಗೆ. ನಮ್ಮ ಮನೆ ಇರುವುದು ಕಾರ್ಖಾನೆಗೂ ಕಡಲಿಗೂ ನಡುವೆ. ನಡುರಾತ್ರಿ ನಮ್ಮ ಹಾಸಿಗೆಗೆ ಬಂದದ್ದು ಹನ್ನೊಂದೂವರೆಗೆ ಪೂರ್ವದ ಗುಡ್ಡದವರ ಪಾಲಿಗೆ ಹೋಗಿರುತ್ತದೆ. ಕಚೇರಿಯ ವೇಳೆಯಲ್ಲಿ ಬಂದು ಮೂಸಿದರೆ ನಮ್ಮಲ್ಲಿ ಯಾವತ್ತೂ ವಾಸನೆ ಇರುವುದಿಲ್ಲ.

ಯಂತ್ರ ಇಟ್ಟು ಅಳೆದರೆ ಎಲ್ಲ ಸರಿಹೋಗುತ್ತದೆ ಎನ್ನುವ ಗೆಳೆಯನೊಬ್ಬನಿದ್ದಾನೆ. ಅವನಿಗೆ ಲೆಕ್ಕ ಹೇಳಿದೆ. ನಮ್ಮ ದೇಶದ 2009ರ ವಾಯು ಗುಣಮಟ್ಟದ ಮಾನದಂಡದಲ್ಲಿ 12 ಮಾಲಿನ್ಯಕಾರಕಗಳಿವೆ, ಹೈಡ್ರೋಜನ್ ಸಲ್ಫೈಡ್ ಅದರಲ್ಲಿ ಇಲ್ಲವೇ ಇಲ್ಲ. ಗಂಧಕ ಉರಿದಾಗ ಹುಟ್ಟುವ ಗಂಧಕದ ಡೈಆಕ್ಸೈಡ್ ಇದೆ. ಜನವಸತಿಯಲ್ಲಿ ಅದರ ಮಿತಿ ಘನ ಮೀಟರಿಗೆ 80 ಮೈಕ್ರೋಗ್ರಾಂ, ಅದೂ 24 ಗಂಟೆಯ ಸರಾಸರಿ. ಒಂದು ಗಂಟೆ 960 ಇದ್ದು ಉಳಿದ 23 ಗಂಟೆ 10 ಇತ್ತೆನ್ನಿ. ಸರಾಸರಿ 50 ಕೂಡ ಮುಟ್ಟುವುದಿಲ್ಲ. ಕಾಗದದಲ್ಲಿ ಅದು ಒಳ್ಳೆಯ ದಿನ. ಯಂತ್ರ ಕೆಟ್ಟು ಆಗುವ ಸೋರಿಕೆಯ ಸ್ವಭಾವವೇ ಇದು: ದಿನವಿಡೀ ಇರುವುದಿಲ್ಲ, ಇದ್ದಷ್ಟು ಹೊತ್ತು ಉಸಿರಾಡುವವನ ಎದೆಗೆ ಸರಾಸರಿ ತಿಳಿಯುವುದಿಲ್ಲ.

ಟೆಕ್ಸಾಸಿನಲ್ಲಿ ನಿಗದಿತ ಪ್ರಮಾಣ ಮೀರಿ ಹೀಗೆ ಹೊರಬಿದ್ದರೆ ಕಾರ್ಖಾನೆ 24 ಗಂಟೆಯೊಳಗೆ ಸರ್ಕಾರಕ್ಕೆ ವರದಿ ಕೊಡಬೇಕು. ಯಾವ ಅನಿಲ, ಎಷ್ಟು, ಯಾಕೆ ಎಂಬುದನ್ನು ಯಾರು ಬೇಕಾದರೂ ನೋಡಬಹುದು. ಅಂಕಿ ಕಾರ್ಖಾನೆಯೇ ಅಂದಾಜು ಮಾಡಿದ್ದು, ಅಲ್ಲಿನವರಿಗೂ ಅದರ ಮೇಲೆ ಪೂರ್ತಿ ನಂಬಿಕೆಯಿಲ್ಲ. ಆದರೂ ಒಂದು ದಾಖಲೆ ಇದೆ. ಕ್ಯಾಲಿಫೋರ್ನಿಯಾದ ರಿಚ್ಮಂಡಿನ ತೈಲ ಶುದ್ಧೀಕರಣ ಕಾರ್ಖಾನೆಯಲ್ಲಿ 2012ರ ಆಗಸ್ಟ್ 6ರಂದು, ಗಂಧಕದಿಂದ ಸವೆದು ತೆಳುವಾದ ಪೈಪೊಂದು ಒಡೆದು ಬೆಂಕಿ ಹೊತ್ತಿದಾಗ ಸುತ್ತಲಿನ ಸುಮಾರು 15,000 ಜನ ಚಿಕಿತ್ಸೆಗೆ ಹೋದರು. ಅಷ್ಟು ದೂರವೇಕೆ, ಭೋಪಾಲದ ನಂತರ 1987ರಲ್ಲಿ ನಮ್ಮ ಕಾರ್ಖಾನೆ ಕಾಯ್ದೆಗೇ ತಿದ್ದುಪಡಿ ತಂದು, ಅಪಾಯದ ಮಾಹಿತಿಯನ್ನು ಸುತ್ತಲಿನ ಜನರಿಗೂ ತಿಳಿಸಬೇಕೆಂದು ಬರೆದರು. ನಮ್ಮ ಓಣಿಗೆ ಆ ಮಾಹಿತಿ ತಾರಸಿಯ ಮೇಲಿನಿಂದ ಬಂತು, ಲುಂಗಿಯುಟ್ಟ ನಿವೃತ್ತ ಆಪರೇಟರಿನಿಂದ.

ಮಾವನ ತಲೆಯಲ್ಲಿ ಈಗ ಹೊಸ ಯೋಜನೆ ಹೊಕ್ಕಿದೆ. ಕುವೈತಿನಲ್ಲಿ ಸೈರನ್ ಆದರೆ ಎಲ್ಲರೂ ಮೊದಲು ನೋಡುತ್ತಿದ್ದದ್ದು ಗಾಳಿಯ ದಿಕ್ಕು ತೋರಿಸಲು ಕಂಬದ ಮೇಲೆ ಕಟ್ಟಿದ ಗಾಳಿಚೀಲವನ್ನಂತೆ. ಅನಿಲದ ಮುಂದೆ ಓಡಬಾರದು, ಗಾಳಿಗೆ ಅಡ್ಡಲಾಗಿ ಸರಿದು, ಗಾಳಿ ಬರುವ ದಿಕ್ಕಿಗೆ ದಾಟಿಕೊಳ್ಳಬೇಕು. ನಮ್ಮ ಶಾಲೆಯ ನೀರಿನ ಟ್ಯಾಂಕಿನ ಮೇಲೂ ಒಂದು ಇರಲಿ, ಮಕ್ಕಳಾದರೂ ಕಲಿಯಲಿ ಎಂದು ಕಿತ್ತಳೆ ಬಟ್ಟೆ ತಂದು, ಅತ್ತೆಯ ಕೈಯಲ್ಲಿ ಹೊಲಿಸಿ, ಬಾಯಿಗೆ ತಂತಿಯ ಬಳೆ ಹಾಕಿ ಇಟ್ಟಿದ್ದಾರೆ.

ನಿನ್ನೆ ಸಂಜೆ ಅದನ್ನು ಹಿಡಿದುಕೊಂಡು ಓಣಿಯ ಹಿರಿಯರೊಬ್ಬರ ಬಳಿ ಹೋದೆವು. ಅವರು ಚೀಲವನ್ನು ತಿರುಗಿಸಿ ಮುರುಗಿಸಿ ನೋಡಿ, ಹೊಲಿಗೆ ಚೆನ್ನಾಗಿದೆ ಎಂದು ಹೊಗಳಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು: “ಅಲ್ಲ ಮಾರಾಯರೇ, ಇದನ್ನು ಮೇಲೆ ಕಟ್ಟಿದರೆ ಇಲ್ಲಿ ಜಾಗಕ್ಕೆ ಸೆಂಟ್ಸಿಗೆ ಎಷ್ಟು ಸಿಕ್ಕೀತು?”