ಗಾಥಿಕ್‌ನ ಮಗಳು ಭಾಷೆ: ಉಮ್ಲೌಟ್ ಮುಕ್ಕಾಲು ಪಾಲು ಹಿಡಿತಕ್ಕೆ ಬಂತು

ಅಳಿದುಹೋದ ಜರ್ಮಾನಿಕ್ ಭಾಷೆಯಾದ ಗಾಥಿಕ್‌ಗೆ ಒಂದು ಕಾಲ್ಪನಿಕ ಮಗಳು ಭಾಷೆ ಕಟ್ಟುತ್ತಿದ್ದೇನೆ. ವ್ಯಂಜನಗಳ ಕೆಲಸ ಮುಗಿದಿದೆ, ಅದರ ಮಾತು ಬೇಡ. ಮೂರು ವಾರ ಕಾಡಿದ್ದು ಉಮ್ಲೌಟ್, ಅಂದರೆ ಮುಂದೆ ಬರುವ ಧ್ವನಿಯ ಸೆಳೆತಕ್ಕೆ ಹಿಂದಿನ ಸ್ವರ ಬದಲಾಗುವುದು. ಬಿಷಪ್ ವುಲ್ಫಿಲ 4ನೇ ಶತಮಾನದಲ್ಲಿ ಗಾಥಿಕ್‌ಗೆ ತಂದ ಬೈಬಲ್‌ನಲ್ಲಿ ಇದು ಕಾಣುವುದಿಲ್ಲ, ಹಾಗಾಗಿ ಮಗಳು ಭಾಷೆಗೆ ತಡವಾಗಿ ತರಬಹುದು. ನಿಯಮ ಸರಳ: ಮುಂದೆ ಇ, ಈ, ಯ್ ಬಂದರೆ ಒತ್ತಿನ ಅ ಹೋಗಿ ಎ.

ಗಸ್ತ್ಸ್ (ಅತಿಥಿ) ಬಹುವಚನ ಗಸ್ತೀಸ್, ಅದು ಗೆಸ್ತೀಸ್ ಆಯಿತು. ಸೊಗಸು! ಆದರೆ ದಗ್ಸ್ (ದಿನ) ಷಷ್ಠಿ ದಗಿಸ್ ಕೂಡ ದೆಗಿಸ್ ಆಗಿ ಕೂತಿತು. ಪುಲ್ಲಿಂಗ, ನಪುಂಸಕಗಳ ಏಕವಚನ ಷಷ್ಠಿ ಹೆಚ್ಚಾಗಿ ಇಸ್‌ನಲ್ಲೇ ಮುಗಿಯುವುದರಿಂದ ಬಹುವಚನದ ಗುರುತಾಗಿ ಈ ಎಕಾರಕ್ಕೆ ಬೆಲೆಯೇ ಉಳಿಯಲಿಲ್ಲ.

ಉಮ್ಲೌಟ್‌ಗೆ ಮೊದಲೇ ಒತ್ತಿಲ್ಲದ ಹ್ರಸ್ವ ಇ ಅನ್ನು ಎ ಮಾಡಿದೆ. ದಗಿಸ್ ದಗೆಸ್ ಆಯಿತು, ಆದರೆ ಹರ್ಯಿಸ್ (ಸೈನ್ಯ) ಕೆಟ್ಟಿತು: ಪ್ರಥಮೆ ಹೆರೆಸ್, ದ್ವಿತೀಯೆ ಹರಿ ಮಾತ್ರ ಹರೆ. ಒಂದೇ ಪದಕ್ಕೆ ಎರಡು ಧಾತು. ಮದ್ದು ಸಿಕ್ಕಿದ್ದು ಷರತ್ತಿನಲ್ಲಿ: ಇ ಆದ ಕೂಡಲೇ ಒಂದೋ ಹೆಚ್ಚೋ ವ್ಯಂಜನ ಬಂದು ಪದ ಮುಗಿದರೆ ಮಾತ್ರ ಎ. ಈಗ ಹೆರೆಸ್, ಹೆರಿ ಒಟ್ಟಿಗಿವೆ. ಸತ್ಯನ್ (ಇಡು) ಸೆತನ್, ಅದರ ಭೂತಕಾಲ ಸತಿದ ಸೆತಿದ. ಯ್ ಉದುರಿಸುವ ನಿಯಮ ಕಟ್ಟಕಡೆಗೇ ಇರಲಿ; ಮೊದಲಿಟ್ಟರೆ ಹಂದ್ಯುಸ್ (ಕೈಗಳು) ಏಕವಚನದ ಹಂದುಸ್‌ನಲ್ಲೇ ಕರಗಿಹೋಗುತ್ತದೆ. ಕೊನೆಗಿಟ್ಟರೆ ಹೆಂದುಸ್.

ಇನ್ನೊಂದು ಎಚ್ಚರ. ಗಾಥಿಕ್ ಬರಹದಲ್ಲಿ ದೀರ್ಘ ಈ ಎಂದರೆ ಎ, ಇ ಎಂಬ ಎರಡಕ್ಷರ. ಅದನ್ನು ಮೊದಲ ಸಾಲಿನಲ್ಲೇ ಒಂದೇ ಅಕ್ಷರಕ್ಕೆ ಬದಲಿಸದಿದ್ದರೆ ಸೌಂಡ್ ಚೇಂಜರ್ (ಧ್ವನಿ ನಿಯಮಗಳನ್ನು ಪದಗಳಿಗೆ ಸಾಲಾಗಿ ಅನ್ವಯಿಸುವ ತಂತ್ರಾಂಶ) ಅದರ ಇ ಅನ್ನೂ ಎ ಮಾಡಿ ಗಸ್ತೀಸ್ ಅನ್ನು ಹಾಳುಗೆಡವುತ್ತದೆ. ಇಳಿಸಿಕೊಂಡ ಪದಪಟ್ಟಿಯಲ್ಲಂತೂ ಅ, ಇ ಜೋಡಿಯ ಎರಡು ಮೂಲಗಳಿಗೆ ಗುರುತೇ ಇಲ್ಲ. ಬೈರನ್ (ಹೊರು), ಸ್ಟೈನ್ಸ್ (ಕಲ್ಲು) ಎರಡನ್ನೂ ಒಂದೇ ಬುಟ್ಟಿಗೆ ಹಾಕಿದ್ದಾರೆ. ಪಟ್ಟಿ ಮಾಡುವವರು ಒಂದು ಒತ್ತುಗುರುತು ಹಾಕಿದರೆ ಎಷ್ಟು ಕೈಕೆಲಸ ಉಳಿಯುತ್ತದೆ!

ಈ ನಡುವೆ ಗಾಥಿಕ್‌ನ ಕ್ರಿಮಿಯಾದ ಶಾಖೆ ತಲೆ ಹೊಕ್ಕಿದೆ. ರಾಯಭಾರಿ ಬುಸ್ಬೆಕ್ 16ನೇ ಶತಮಾನದಲ್ಲಿ ಬರೆದುಕೊಂಡ ಪದಗಳಲ್ಲಿ ಮೊಟ್ಟೆಗೆ ಅದ ಎಂದಿದೆ. ಜರ್ಮನ್‌ನಲ್ಲಿ ಬರೀ ಐ. ಆ ದಕಾರ ಗಾಥಿಕ್ ಕಡೆಯ ಆಸ್ತಿ. ಮುಂದಿನ ಯೋಜನೆ ಅಲ್ಲಿಂದಲೇ ಶುರು.

ಸದ್ಯ ಬಿಡಿಸದ ಗಂಟು ಸತ್ಯನ್‌ನ ಕೃದಂತದ್ದು: ಪುಲ್ಲಿಂಗ ಸತಿಥ್ಸ್‌ನಲ್ಲಿ ಇ ಮೊದಲೇ ಎ ಆಗಿ ಸತೆಥ್ಸ್, ಸ್ತ್ರೀಲಿಂಗ ಸತಿದ ಮಾತ್ರ ಸೆತಿದ. ಸಾದೃಶ್ಯದಿಂದ ಸರಿಮಾಡುವ ಮುನ್ನ ಸತ್ಯನ್‌ನಂಥ ಉಳಿದ ಯ್ ಕ್ರಿಯಾಪದಗಳ ಮೇಲೆಲ್ಲ ನಿಯಮಗಳನ್ನು ಓಡಿಸಿ ನೋಡಬೇಕು.