ಸಾಲಮ್ಯಾಂಡರ್ ಹಲ್ಲಿ ಜಾತಿನಾ, ಕಪ್ಪೆ ಜಾತಿನಾ?

ಮಳೆ ಶುರುವಾದ್ರೆ ಮಂಡ್ಯ ಕಡೆ ಗದ್ದೆ ಬಯಲಿನ ಕಪ್ಪೆ ಫೋಟೋ ಹಾಕ್ತಿರ್ತೀನಲ್ಲ, ಆಗೆಲ್ಲ ಯಾರಾದ್ರೂ ಒಬ್ರು ಸಾಲಮ್ಯಾಂಡರ್ ವಿಡಿಯೋ ಕಳಿಸಿ ಕೇಳೇ ಕೇಳ್ತಾರೆ: "ಇದು ಥೇಟ್ ಹಲ್ಲಿ ಇದ್ದಂಗಿದೆ, ಕಪ್ಪೆಗೆ ಹೆಂಗೆ ನೆಂಟ ಆಗುತ್ತೆ? ನಮ್ ಕಡೆ ಸಿಗುತ್ತಾ?"

ಬಾಲ ಬಿಡಿ, ಚರ್ಮ ನೋಡಿ. ಹಲ್ಲಿ ಮೈಮೇಲೆ ಹುರುಪೆ ಇರುತ್ತೆ, ಮೊಟ್ಟೆಗೆ ಚಿಪ್ಪಿರುತ್ತೆ. ಸಾಲಮ್ಯಾಂಡರ್‌ಗೆ ಎರಡೂ ಇಲ್ಲ, ಮೈ ಒದ್ದೆ, ಮೊಟ್ಟೆ ಲೋಳೆ ಲೋಳೆ, ಕಪ್ಪೆದು ಇರುತ್ತಲ್ಲ ಹಂಗೇನೆ. ಕಪ್ಪೆ, ಸಾಲಮ್ಯಾಂಡರ್ ಎರಡೂ ಚರ್ಮದಿಂದ್ಲೇ ನೀರು ಹೀರ್ತವೆ, ಉಸಿರೂ ಆಡ್ತವೆ, ಅಮೆರಿಕದಲ್ಲಂತೂ ಶ್ವಾಸಕೋಶನೇ ಇಲ್ದೆ ಬದುಕೋ ಸಾಲಮ್ಯಾಂಡರ್‌ಗಳದ್ದೇ ಒಂದು ದೊಡ್ಡ ಕುಟುಂಬ ಇದೆ. ಗದ್ದೆಗೆ ಹೊಡಿಯೋ ಔಷಧಿ ಕಪ್ಪೆ ಮೈಯೊಳಗೆ ಅಷ್ಟು ಸಲೀಸಾಗಿ ಹೋಗೋದೂ ಈ ಚರ್ಮದಿಂದ್ಲೇ, ಇದನ್ನ ನೆನೆಸ್ಕೊಂಡ್ರೆ ನನಗೆ ನಿಜವಾಗ್ಲೂ ಹೊಟ್ಟೆ ಉರಿಯುತ್ತೆ.

ಕಪ್ಪೆಗೂ ಸಾಲಮ್ಯಾಂಡರ್‌ಗೂ ಇರೋ ವ್ಯತ್ಯಾಸ ಚೆನ್ನಾಗಿ ಗೊತ್ತಾಗೋದು ಮರಿಗಳಲ್ಲಿ. ಗೊದಮೊಟ್ಟೆ ನೋಡಿದ್ರೆ ಅದು ಕಪ್ಪೆ ಮರಿ ಅಂತ ಯಾರೂ ಹೇಳಲ್ಲ, ಬರೀ ತಲೆ ಬಾಲ, ಹೆಚ್ಚಿನವು ಪಾಚಿ ಕೆರ್ಕೊಂಡು ತಿಂತವೆ (ನಮ್ ಗೋಂಕರು ಕಪ್ಪೆ ಮರಿ ಮಾತ್ರ ಬೇರೆ ಗೊದಮೊಟ್ಟೆನೇ ತಿನ್ನೋ ಜಾತಿ), ಆಮೇಲೆ ಹಿಂಗಾಲು ಬಂದು, ಮುಂಗಾಲು ಬಂದು, ಬಾಲ ಕರಗಿ ಮೈಯೊಳಗೇ ಸೇರ್ಕೊಳುತ್ತೆ. ಸಾಲಮ್ಯಾಂಡರ್ ಮರಿ ಮೊದಲಿಂದ್ಲೂ ಅಪ್ಪ ಅಮ್ಮನ ಆಕಾರದಲ್ಲೇ ಇರುತ್ತೆ, ಕತ್ತಿನ ಪಕ್ಕ ಗರಿ ಥರ ಕಿವಿರು ಹೊರಗೇ ಕಾಣುತ್ತೆ, ಮುಂಗಾಲು ಮೊದಲು ಬರುತ್ತೆ, ಹುಟ್ಟಿದಾಗಿಂದ್ಲೇ ಸಣ್ಣ ಹುಳ ಹಿಡಿದು ತಿನ್ನುತ್ತೆ. ಮೆಕ್ಸಿಕೋದ ಆಕ್ಸೊಲಾಟಲ್ ಅನ್ನೋ ಸಾಲಮ್ಯಾಂಡರ್ ಅಂತೂ ಆ ಕಿವಿರು ಇಟ್ಕೊಂಡೇ ದೊಡ್ಡದಾಗಿ ಮೊಟ್ಟೆನೂ ಇಡುತ್ತೆ.

ಸದ್ದು ಇನ್ನೊಂದು. ಮೊದಲ ಜೋರು ಮಳೆಗೆ ಗಂಡು ಗೋಂಕರು ಕಪ್ಪೆ ಮೈಯೆಲ್ಲ ಹಳದಿ ಮಾಡ್ಕೊಂಡು, ಗಂಟಲ ಎರಡೂ ಕಡೆ ನೀಲಿ ಚೀಲ ಉಬ್ಬಿಸಿ ಕೂಗೋದು ನೋಡಿಲ್ಲಾಂದ್ರೆ ಒಂದ್ಸಲ ಟಾರ್ಚ್ ಹಿಡ್ಕೊಂಡು ಹೋಗಿ ನೋಡಿ. ಸಾಲಮ್ಯಾಂಡರ್ ಹೆಣ್ಣನ್ನ ಹಿಂಗೆ ಕೂಗಿ ಕರಿಯಲ್ಲ, ವಾಸನೆ, ಕುಣಿತದಲ್ಲೇ ಕೆಲಸ. ಬಹುತೇಕ ಜಾತಿಗಳಲ್ಲಿ ಗಂಡು ವೀರ್ಯದ ಸಣ್ಣ ಪೊಟ್ಟಣ ಬಿಟ್ಟು ಹೋಗುತ್ತೆ, ಹೆಣ್ಣು ಬಂದು ಅದನ್ನ ಮೈಯೊಳಗೆ ತಗೊಳುತ್ತೆ. ಕಪ್ಪೆಗಳಲ್ಲಿ ಹೆಚ್ಚಾಗಿ ಎಲ್ಲ ಹೊರಗೇ. ಇನ್ನು ಕಾಲು ಕಿತ್ತೋದ್ರೆ ಸಾಲಮ್ಯಾಂಡರ್‌ಗೆ ಮೂಳೆ ಸಮೇತ ಮತ್ತೆ ಬೆಳಿಯುತ್ತೆ, ಬೆಳೆದ ಕಪ್ಪೆಗೆ ಆ ಶಕ್ತಿ ಇಲ್ಲ.

ನಮ್ ಕಡೆ ಸಿಗುತ್ತಾ ಅಂದ್ರೆ, ಇಲ್ಲ. ಕುಕ್ಕರಹಳ್ಳಿ ಕೆರೆಲಿ ಹುಡುಕಿದ್ರೂ ಇಲ್ಲ, ಪಶ್ಚಿಮ ಘಟ್ಟದಲ್ಲಿ ಹುಡುಕಿದ್ರೂ ಇಲ್ಲ. ನೋಡ್ಲೇಬೇಕಂದ್ರೆ ಡಾರ್ಜಿಲಿಂಗ್, ಸಿಕ್ಕಿಂ ಕಡೆ ಹೋಗ್ಬೇಕು, ಅಲ್ಲಿ ಹಿಮಾಲಯದ ನ್ಯೂಟ್ ಇದೆ, ಅದೂ ಸಾಲಮ್ಯಾಂಡರೇ. ಆದ್ರೆ ಇವೆರಡರ ಮೂರನೇ ನೆಂಟ ಸಿಸಿಲಿಯನ್ ನಮ್ ಘಟ್ಟದಲ್ಲೇ ಇದೆ, ಕಾಲಿಲ್ಲ, ಮೈಮೇಲೆಲ್ಲ ಉಂಗುರ ಉಂಗುರ ಗೆರೆ. ಕೊಡಗು, ಮಲೆನಾಡಲ್ಲಿ ತೋಟ ಇರೋರು ಮಣ್ಣು ಅಗೀವಾಗ ಇದು ಸಿಕ್ರೆ ದಯವಿಟ್ಟು ಹಾವಿನ ಮರಿ ಅಂತ ಹೊಡೀಬೇಡಿ, ಎರೆಹುಳ ಗೆದ್ದಲು ತಿನ್ಕೊಂಡು ಇರೋ ಪ್ರಾಣಿ ಅದು, ಹಂಗೇ ಒದ್ದೆ ಮಣ್ಣು ಮುಚ್ಚಿ ಬಿಟ್ಬಿಡಿ.