ಖಾಲಿ ಟ್ಯಾಂಕಿನ ಬಿಸಿ

ನಮ್ಮಪ್ಪನದು ಬೆಳಗಾವಿಯ ಉದ್ಯಮಬಾಗದಲ್ಲಿ ಸಣ್ಣ ವೆಲ್ಡಿಂಗ್ ಅಂಗಡಿ. ಯಾರಾದರೂ ಖಾಲಿ ಡೀಸೆಲ್ ಬ್ಯಾರಲ್ ತಂದು ತೂತು ಮುಚ್ಚಿಕೊಡಿ ಅಂದರೆ, ಅಪ್ಪ ಮೊದಲು ಅದಕ್ಕೆ ನೀರು ತುಂಬಿಸುತ್ತಿದ್ದರು. ತುಂಬಿದ ಬ್ಯಾರಲ್‌ಗಿಂತ ಖಾಲಿಯದೇ ಜಾಸ್ತಿ ಅಪಾಯ, ಒಳಗೆ ಆವಿ ಇರುತ್ತದೆ ಅಂತ ನನಗೆ ಚಿಕ್ಕಂದಿನಲ್ಲೇ ಗೊತ್ತಿತ್ತು. ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಕೆಲಸಕ್ಕೆ ಸೇರಿದ ಮೇಲೆ ಮಾತ್ರ ಅದು ನೆನಪಿಗೇ ಬರಲಿಲ್ಲ.

ಏಪ್ರಿಲ್ ಮಧ್ಯಾಹ್ನ. ಒಂದು ಏರ್‌ಬಸ್ 320 ಹೊರಡುವುದು ತಡವಾಗಿತ್ತು. ಜನ ಆಗಲೇ ಒಳಗೆ ಕೂತಿದ್ದರು, ಮಕ್ಕಳು ಅಳುತ್ತಿದ್ದವು. ನಿಂತಾಗ ಕರೆಂಟು, ಗಾಳಿ ಕೊಡುವ ಬಾಲದಲ್ಲಿರುವ ಸಣ್ಣ ಎಂಜಿನ್, ನಾವು ಎಪಿಯು ಅನ್ನುವುದು, ಓಡುತ್ತಿತ್ತು. ಒಳಗಿನ ಗಾಳಿ ತಂಪು ಮಾಡುವ ಯಂತ್ರಗಳು, ಎರಡೂ ಎಸಿ ಪ್ಯಾಕ್ ಆನ್. ಇಂಧನವೆಲ್ಲ ರೆಕ್ಕೆಯ ಟ್ಯಾಂಕಿನಲ್ಲಿ, ನಡು ಟ್ಯಾಂಕಿನ ತಳದಲ್ಲಿ ಚೂರು ಅಷ್ಟೇ. ಹೊರಗಿನಿಂದಲೇ ತಂಪು ಗಾಳಿ ಕೊಡುವ ಎಸಿ ಗಾಡಿ ಇತ್ತು. ಅದನ್ನು ಎಳೆತಂದು ಪೈಪ್ ಹಾಕುವುದು ರೇಜಿಗೆ ಅಂತ ನಾನೇ ತರಿಸಿರಲಿಲ್ಲ.

ನಮ್ಮ ಹಿರಿಯ ಎಂಜಿನಿಯರ್ ಬಂದವರೇ ಕೇಳಿದರು, "ಎಷ್ಟೊತ್ತಾತು ಪ್ಯಾಕ್ ಹಚ್ಚಿ?"

"ಒಂದೂವರೆ ತಾಸಾತ್ರೀ ಸರ. ನಡು ಟ್ಯಾಂಕ್ ಖಾಲೀನ ಐತಲ್ರಿ."

"ಖಾಲಿ ಐತಿ ಅಂತನ ಕೇಳಾಕತ್ತೇನಿ, ತಮ್ಮಾ."

ಎಸಿ ಅಂದರೆ ತಂಪು, ಅಲ್ವಾ? ಅದು ಒಳಗೆ ಕೂತವರಿಗೆ. ಪ್ಯಾಕ್ ಇರುವುದು ವಿಮಾನದ ಹೊಟ್ಟೆಯಲ್ಲಿ, ನಡು ಟ್ಯಾಂಕಿನ ಅಡಿಗೇ. ಒಳಗೆ ತಂಪು ಕಳಿಸುತ್ತಾ ಅದು ತಾನು ಕಾಯುತ್ತದೆ. ಟ್ಯಾಂಕ್ ತುಂಬಿದ್ದರೆ ಅಷ್ಟೊಂದು ಇಂಧನ ಬಿಸಿಯಾಗಲು ಹೊತ್ತು ಬೇಕು. ಚೂರು ಉಳಿದಿದ್ದರೆ ಬೇಗ ಕಾದು ಆವಿಯಾಗುತ್ತದೆ. ಜೆಟ್ ಎ-1 ಇಂಧನದ ಆವಿ ಕಿಡಿಗೆ ಹತ್ತಿಕೊಳ್ಳುವ ಮಟ್ಟ 38 ಡಿಗ್ರಿಗಿಂತ ಕಡಿಮೆ ಇರಬಾರದು ಅಂತ ನಿಯಮ. ಏಪ್ರಿಲ್ ಬಿಸಿಲು, ಅಡಿಗೆ ಪ್ಯಾಕ್. 38 ಏನು ಮಹಾ ದೂರ?

1996ರ ಜುಲೈ 17ರಂದು ನ್ಯೂಯಾರ್ಕ್‌ನಿಂದ ಹೊರಟ ಟಿಡಬ್ಲ್ಯುಎ 800 ಹೀಗೇ ಸಿಡಿದದ್ದು. ಬೋಯಿಂಗ್ 747, ನಡು ಟ್ಯಾಂಕ್ ಬಹುತೇಕ ಖಾಲಿ. ನೆಲದ ಮೇಲೆ ಸುಮಾರು ಎರಡೂವರೆ ತಾಸು ಪ್ಯಾಕ್ ಓಡಿದ್ದವು. 230 ಜನ ಹೋದರು. ಕಿಡಿ ಎಲ್ಲಿಂದ ಬಂತು ಅನ್ನುವುದು ಖಚಿತವಾಗಲೇ ಇಲ್ಲ. ವೈರಿಂಗ್ ಶಾರ್ಟ್ ಆಗಿರಬೇಕು ಅಂದರು ತನಿಖೆಯವರು.

ಆಮೇಲೆ ಟ್ಯಾಂಕಿಗೆ ನೈಟ್ರೋಜನ್ ಜಾಸ್ತಿ ಇರುವ ಗಾಳಿ ಬಿಡುವ ವ್ಯವಸ್ಥೆ ಬಂತು. ಆಮ್ಲಜನಕ ಕಡಿಮೆಯಾದರೆ ಆವಿ ಹತ್ತಿಕೊಳ್ಳುವುದಿಲ್ಲ. 2008ರಲ್ಲಿ ಅಮೆರಿಕ ಅದಕ್ಕೆ ನಿಯಮವನ್ನೂ ಮಾಡಿತು. ನಾನು ಅದನ್ನೇ ನೆಚ್ಚಿಕೊಂಡು ಸುಮ್ನಿದ್ದೆ. ಆವತ್ತು ನಮ್ಮ ಏರ್‌ಬಸ್‌ನಲ್ಲಿ ಅದು ಕೆಟ್ಟಿತ್ತು. ಲಾಗ್‌ಬುಕ್ಕಿನಲ್ಲಿ ಬರೆದೂ ಇತ್ತು. ನಾನು ಪುಟ ತಿರುವಿದ್ದೆ, ಓದಿರಲಿಲ್ಲ.

ಸರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎಸಿ ಗಾಡಿ ತರಿಸಿದೆವು. ಕರೆಂಟಿಗೆ ಬೇರೆ ಗಾಡಿ ಹಚ್ಚಿ ಪ್ಯಾಕ್, ಎಪಿಯು ಎರಡನ್ನೂ ಬಂದ್ ಮಾಡಿದೆವು. ಕಿಟಕಿಯ ಪರದೆ ಇಳಿಸಲು ಹೇಳಿದಾಗ ಜನ ಗೊಣಗಿದರು.

ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಎಲ್ಲಾ ಹೇಳಿದೆ. ರೊಟ್ಟಿ ಮುರಿಯುತ್ತಾ ಕೇಳಿದರು, "ನೀರು ತುಂಬಿಸಿದ್ರಾತಲ್ಲ?"

ಅಯ್ಯೋ, ಆ ಟ್ಯಾಂಕಿನ ತಳದಲ್ಲಿ ಸೇರಿದ ನೀರನ್ನು ಬಸಿದು ತೆಗೆಯುವುದೂ ನನ್ನದೇ ಕೆಲಸ ಅಂದೆ.